ಓಡುವ ಗಾಡಿಯ ಬಣ್ಣ

ಪುಣೆ
3 ಜೂನ್ 2024

ಪ್ರಿಯ ಈರಣ್ಣ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಯಾರ ಕಾಗದವೆಂದು ನಿನಗೆ ತಿಳಿದಿರುತ್ತದೆ. ಒಡೆಯದೆ ಒಲೆಗೆ ಹಾಕಿಲ್ಲವಾದರೆ ಓದು. ಎರಡು ಸಲ ಫೋನ್ ಮಾಡಿದೆ. "ನಾ ದಿಗಂಬರ" ಎನ್ನುವಷ್ಟರಲ್ಲಿ ಎರಡೂ ಸಲ ಆ ಕಡೆಯಿಂದ ಕಟ್ ಆಯಿತು. ಕಾಗದವನ್ನು ಹಾಗೆ ನಡುವೆ ಕಟ್ ಮಾಡಲಿಕ್ಕೆ ಬರುವುದಿಲ್ಲ. ಶಿವಾಜಿನಗರದ ಕೋರ್ಟಿನಲ್ಲಿ ಮೂವತ್ತೈದು ವರ್ಷ ಕಾಗದ ಬರೆದೇ ಹೊಟ್ಟೆ ಹೊರೆದವನು ನಾನು. ನನಗೆ ಇದೇ ಸರಿ.

ವಿಷಯಕ್ಕೆ ಬರುತ್ತೇನೆ. ಫಿಯಾಟನ್ನು ಹೊರಗೆ ತೆಗೆದಿದ್ದೇನೆ. ನಾನೂ ನೀನೂ ಕ್ಯಾಂಪಿನ ಪಾರ್ಸಿ ಡಾಕ್ಟರ ಬಂಗಲೆಯಿಂದ ನೂಕಿಕೊಂಡು ತಂದಿದ್ದ ಅದೇ 1968ರ ಡಿಲೈಟ್. ಹದಿನೆಂಟು ವರ್ಷ ಶೆಡ್ಡಿನಲ್ಲಿ ಕೂತಿತ್ತು. ಎಂಜಿನ್ ಬಿಚ್ಚಿ ಕಟ್ಟಿಸಿದೆ, ಈಗ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದು ಕೂಡುತ್ತದೆ. ಬಾಗಿಲುಗಳ ತಳ ತುಕ್ಕು ತಿಂದಿತ್ತು, ಹೊಸ ತಗಡು ಹಾಕಿಸಿದೆ. ಉಳಿದದ್ದು ಬಣ್ಣ. ಅಲ್ಲಿಗೆ ಬಂದು ಗಾಡಿ ನಿಂತಿದೆ.

ದೇಹೂ ರೋಡ್ ಕಡೆ ಅಭಿಲಾಷ ಎಂಬವನ ಗ್ಯಾರೇಜಿಗೆ ಬಿಟ್ಟಿದ್ದೇನೆ. ಒಳ್ಳೆಯ ಕೈ. ಅವನು ಹೇಳುವುದು, ಮೊದಲು ಬಣ್ಣ ಹೊಡೆದು ಅದರ ಮೇಲೆ ಗಾಜಿನಂಥ ಕ್ಲಿಯರ್ ಹೊಡೆಯೋಣ, ನಿಮ್ಮ ಮೀಸೆ ಅದರಲ್ಲಿ ನೋಡಿಕೊಂಡು ಕತ್ತರಿಸಬಹುದು. ಹಳೆಯ ಕಾರುಗಳ ಕ್ಲಬ್ಬಿನವರು ಹೇಳುವುದು, ಹಳೆಯ ಗಾಡಿಗೆ ಹಳೆಯ ಡ್ಯೂಕೋ ಬಣ್ಣವೇ ಧರ್ಮ, ಬೇರೆಯದು ಹಚ್ಚಿದರೆ ಪಾಪ. ಮೂರನೆಯವನೊಬ್ಬ, ಬಣ್ಣ ಗಟ್ಟಿ ಮಾಡುವ ಹಾರ್ಡ್‌ನರ್ ಕಲಸಿದ ಒಂದೇ ಪದರದ ಬಣ್ಣ ಸಾಕು, ಕ್ಲಿಯರ್ ಯಾತಕ್ಕೆ ಎನ್ನುತ್ತಾನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ಆಗಿದೆ. ಪುಣೆಯಲ್ಲಿ ಬಣ್ಣ ಹೊಡೆಯುವವರು ಸಾವಿರ ಜನ ಇದ್ದಾರೆ. ನಾನು ನಂಬುವವನು ನಿಪ್ಪಾಣಿಗೆ ಹೋಗಿ ಮಗಳ ಮನೆಯಲ್ಲಿ ಕೂತಿದ್ದಾನೆ.

ನಿನ್ನ ಮಗಳು ರೇಣುವಿನ ಮದುವೆಯ ದಿನ ಆದದ್ದು ಆಗಿಹೋಯಿತು. ಇಬ್ಬರೂ ಎಪ್ಪತ್ತರ ಹತ್ತಿರ ಬಂದೆವು. ಬಣ್ಣದ ಬಗ್ಗೆಯಾದರೂ ಎರಡು ಸಾಲು ಬರೆ.

ಗೌರಾ ನಿನ್ನನ್ನು ಕೇಳಿದ್ದಾಳೆ.

ನಿನ್ನ
ದಿಗಂಬರ


ನಿಪ್ಪಾಣಿ
21 ಜೂನ್ 2024

ದಿಗಂಬರ,

ಕಾಗದ ಒಲೆಗೆ ಹಾಕಲಿಲ್ಲ. ನಮ್ಮ ಮನೆಯಲ್ಲಿ ಗ್ಯಾಸ್ ಇದೆ.

ಆದದ್ದು ಆಗಿಹೋಯಿತು ಎಂದು ಬರೆದಿದ್ದೀ. ಏನಾಯಿತು ಎಂದು ಬರೆದಿಲ್ಲ. ಕೋರ್ಟಿನ ಕಾಗದದಲ್ಲಿ ಹೀಗೆ ಬಿಡುತ್ತಿದ್ದೆಯೇನು? ಹಾಗಾದರೆ ನಾನು ಹೇಳುತ್ತೇನೆ, ಕೇಳು.

ನನ್ನ ಮಗಳು ಮಡಿಲು ತುಂಬಿಸಿಕೊಂಡು ಗಂಡನ ಮನೆಗೆ ಹೊರಟು ನಿನ್ನ ಗಾಡಿಯಲ್ಲಿ ಕೂತಿದ್ದಳು. ಬೀಗರ ಕಡೆಯವರು ಹೂವಿನ ಸರ ನಿಲ್ಲಲೆಂದು ಬಾನೆಟ್ಟಿಗೆ ಟೇಪು ಅಂಟಿಸಿದ್ದರು. ನೀನು ಬಂದು ಒಂದು ಟೇಪು ಕಿತ್ತೆ, ಅಂಗೈ ಅಗಲ ಬಣ್ಣ ಎದ್ದುಬಂತು. ನೀನು ಹಿಂದಿನ ಬಾಗಿಲು ತೆಗೆದು "ಇಳಿ ಕೆಳಗ. ಈ ಗಾಡಿ ಎಲ್ಲೂ ಹೋಗಂಗಿಲ್ಲ" ಅಂದೆ. ಇನ್ನೂರು ಜನರ ಎದುರಿಗೆ. ಅವಳು ಇಳಿದಳು. ಅಡುಗೆಯವರ ಟೆಂಪೋದಲ್ಲಿ, ಬೋಗುಣಿ ಹಂಡೆಗಳ ನಡುವೆ ಕೂತು ಗಂಡನ ಮನೆಗೆ ಹೋದಳು. ನಿನ್ನ ಬಣ್ಣ ಯಾಕೆ ಎದ್ದಿತು ಅದನ್ನೂ ಹೇಳುತ್ತೇನೆ. ಹೊಡೆದು ನಾಲ್ಕು ದಿನ ಆಗಿತ್ತು. ಹದಿನೈದು ದಿನ ಮುಟ್ಟಬೇಡ ಎಂದು ನಾನು ಹೇಳಿದ್ದೆ. ಮದುವೆಯಲ್ಲಿ ನಾಲ್ಕು ಜನ ನೋಡಲಿ ಎಂದು ಅವಸರ ಮಾಡಿ ಒಯ್ದವನು ನೀನು.

ಇಷ್ಟು ಆಯಿತು. ಈಗ ಬಣ್ಣ. ಬಣ್ಣ ಕೇಳಿಕೊಂಡು ಬಂದವನನ್ನು ಬರಿಗೈಯಲ್ಲಿ ಕಳಿಸಿದರೆ ನಾನು ನಲವತ್ತು ವರ್ಷ ಬಣ್ಣ ಹೊಡೆಯುವ ಗನ್ ಹಿಡಿದದ್ದಕ್ಕೆ ಅವಮಾನ.

ಮೂರು ಜನ ಮೂರು ಹೇಳಿದರು ಅಂದೆಯಲ್ಲ, ಮೂವರೂ ಕೇಳಬೇಕಾದ್ದನ್ನು ಕೇಳಿಲ್ಲ. ಗಾಡಿ ನೋಡಲಿಕ್ಕೋ ಓಡಿಸಲಿಕ್ಕೋ? ಅದರಲ್ಲಿ ಯಾರು ಕೂಡುತ್ತಾರೆ? ಬಿಸಿಲಿಗೆ ನಿಲ್ಲುತ್ತದೋ ಬುರಖಾ ಹಾಕಿಕೊಂಡು ಶೆಡ್ಡಿನಲ್ಲಿ ಕೂಡುತ್ತದೋ? ಇದನ್ನು ಮೊದಲು ಬರೆ. ಹಿಂದಿನ ಸೀಟಿನ ಬೆನ್ನು ಬಿಚ್ಚಿದರೆ ಬಿಸಿಲೇ ಕಾಣದ ತಗಡು ಸಿಗುತ್ತದೆ. ಅಲ್ಲಿ ಕಂಪನಿಯ ಮೂಲ ಬಣ್ಣ ಇರುತ್ತದೆ. ಉಗುರಿನಷ್ಟು ಚಕ್ಕೆ ಎಬ್ಬಿಸಿ ಕಳಿಸು. ಮಳೆ ನಿಲ್ಲುವ ತನಕ ಗನ್ ಮುಟ್ಟಲಿಕ್ಕೆ ಬಿಡಬೇಡ, ತೇವದ ಗಾಳಿಯಲ್ಲಿ ಬಣ್ಣ ಕೆಡುತ್ತದೆ.

ಕಿವಿ ಮಂದವಾಗಿದೆ. ಫೋನ್ ಬೇಡ, ಬರೆ.

ಈರಣ್ಣ


ಪುಣೆ
9 ಜುಲೈ 2024

ಪ್ರಿಯ ಈರಣ್ಣ,

ನಿನ್ನ ಕಾಗದ ಮೂರು ಸಲ ಓದಿದೆ. ಮೂರನೆಯ ಪ್ಯಾರಾ ಬಂದಾಗಲೆಲ್ಲ ಕನ್ನಡಕ ಒರೆಸಿಕೊಂಡೆ. ಅಂದ ಹಾಗೆ ನಿನ್ನ ಅಕ್ಷರ ಇಷ್ಟು ದುಂಡಗೆ ಯಾವಾಗ ಆಯಿತು? ಮೊದಲೆಲ್ಲ ನೀನು ಬರೆದ ಬಿಲ್ಲನ್ನು ನೀನೇ ಓದಲಾರದೆ ನನ್ನ ಹತ್ತಿರ ತರುತ್ತಿದ್ದೆ.

ಚಕ್ಕೆಯನ್ನು ಬೆಂಕಿಪೆಟ್ಟಿಗೆಯಲ್ಲಿ ಹತ್ತಿ ಇಟ್ಟು ಕಳಿಸಿದ್ದೇನೆ. ನೋಡು, ಎಂಥ ಬಣ್ಣ! ಹಾಲಿನ ಪಾತ್ರೆಗೆ ಒಂದು ಹನಿ ನೀಲಿ ಶಾಯಿ ಬಿದ್ದ ಹಾಗಿದೆ. ನಾವು ತಂದಾಗ ಅದರ ಮೇಲೆ ಯಾರೋ ಕೆಂಪು ಬಳಿದಿದ್ದರು, ನೀನು ಅದರ ಮೇಲೆ ಕೆನೆಬಣ್ಣ ಹೊಡೆದೆ. ಇದು ಅಡಿಯಲ್ಲಿ ಇಷ್ಟು ವರ್ಷ ಸುಮ್ಮನೆ ಇತ್ತು. ಅಭಿಲಾಷನ ಬಣ್ಣ ಅಳೆಯುವ ಯಂತ್ರಕ್ಕೆ ಇದು ಸಿಕ್ಕಲಿಲ್ಲ, ಎರಡು ಸಲ ಕಲಸಿ ಕಾರ್ಡಿನ ಮೇಲೆ ಹೊಡೆದು ತೋರಿಸಿದ. ಒಂದು ಆಸ್ಪತ್ರೆ ಗೋಡೆ, ಇನ್ನೊಂದು ಶಾಲೆಯ ಚಡ್ಡಿ.

ನೀನು ಕೇಳಿದ್ದಕ್ಕೆ ನಿಜ ಹೇಳಬೇಕಲ್ಲ. ಜನವರಿಯಲ್ಲಿ ಹಳೆಯ ಕಾರುಗಳ ಮೆರವಣಿಗೆ ಇದೆ, ನನ್ನನ್ನೂ ಕರೆದಿದ್ದಾರೆ. ಕ್ಲಿಯರ್ ಹೊಡೆಸಿ ಫಳಫಳ ಹೊಳೆಸಿಕೊಂಡು ಒಂದು ಸಲ ಹೋಗಬೇಕೆಂದು ಆಸೆ. ಆಮೇಲೆ ಹೊದಿಸಿ ಇಡುವುದು. ಇದು ಒಂದು ಮನಸ್ಸು. ಇನ್ನೊಂದು ಮನಸ್ಸು, ಓಡಿಸಬೇಕು. ಆದರೆ ಯಾರನ್ನು ಕೂರಿಸಿಕೊಂಡು ಓಡಿಸಲಿ? ಕಟ್ಟಿಕೊಂಡ ಹೆಂಡತಿ ಗೌರಾಳೇ ಈ ಗಾಡಿಯಲ್ಲಿ ಕೂಡುವುದಿಲ್ಲ. ಆ ದಿನ ಮದುವೆಯಿಂದ ಮನೆಗೆ ಬಂದವಳೇ "ರೇಣೂನ್ನ ಇಳಿಸಿದ ಗಾಡ್ಯಾಗ ನಾ ಕೂಡಂಗಿಲ್ಲ" ಅಂದಳು. ಹದಿನೆಂಟು ವರ್ಷ ಕೂತಿಲ್ಲ. ಸಿಟ್ಟಿನ ಮಾತು, ನಾಲ್ಕು ದಿನದಲ್ಲಿ ಇಳಿಯುತ್ತದೆ ಎಂದು ನಾನು ತಿಳಿದಿದ್ದೆ. ಅದಕ್ಕೇ ಗಾಡಿ ಶೆಡ್ಡಿಗೆ ಹೋದದ್ದು. ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಕೇಳಿದವರಿಗೆಲ್ಲ ಕಾರ್ಬುರೇಟರ್ ಕೆಟ್ಟಿದೆ ಅನ್ನುತ್ತಿದ್ದೆ.

ಈರಣ್ಣ, ಇದು ನಿನಗೊಬ್ಬನಿಗೇ, ರೇಣುವಿಗೆ ಹೇಳಬೇಡ. ನನ್ನಿಂದ ತಪ್ಪಾಗಿದೆ. ನಿನ್ನ ಮನಸ್ಸು ನೋಯಿಸಿದೆ, ಕ್ಷಮಿಸಿಬಿಡು. ರೇಣು ಆಗ ಚಿಕ್ಕವಳು. ಮದುವೆಯ ಗದ್ದಲದಲ್ಲಿ ಅವಳಿಗೆ ಏನೂ ತಿಳಿದಿರಲಿಕ್ಕಿಲ್ಲ, ತಿಳಿದಿದ್ದರೂ ಈಗ ನೆನಪಿರಲಿಕ್ಕಿಲ್ಲ. ನೀನು ಮರೆತರೆ ಸಾಕು.

ನಿನ್ನ
ದಿಗಂಬರ


ನಿಪ್ಪಾಣಿ
28 ಜುಲೈ 2024

ದಿಗಂಬರ,

ಚಕ್ಕೆ ತಲುಪಿತು. ಬಣ್ಣ ಸಿಕ್ಕಿದೆ. ಕಲಸುವ ಲೆಕ್ಕ ಬೇರೆ ಚೀಟಿಯಲ್ಲಿದೆ, ಅಭಿಲಾಷನಿಗೆ ಕೊಡು. ಮಾದರಿಗೆ ಒಂದು ಕಾರ್ಡು ಹೊಡೆದು ಇಟ್ಟಿದೆ. ಬೆಳಗಿನ ಬಿಸಿಲಿನಲ್ಲಿ ಒಮ್ಮೆ, ನೆರಳಿನಲ್ಲಿ ಒಮ್ಮೆ, ಟ್ಯೂಬ್‌ಲೈಟಿನಲ್ಲಿ ಒಮ್ಮೆ ನೋಡು. ಮೂರೂ ಕಡೆ ಚಕ್ಕೆಗೆ ಹೊಂದಿದರೆ ಮಾತ್ರ ಹೊಡೆಸು.

ಈಗ ಯಾವುದನ್ನು ಹೊಡೆಸುವುದು ಎಂಬುದು. ಡ್ಯೂಕೋ ಬೇಡ. ನನ್ನ ಕೈಗೆ ಅನ್ನ ಹಾಕಿದ ಬಣ್ಣ ಅದು, ಆದರೂ ಬೇಡ. ಚೆಂದ ಕಾಣುತ್ತದೆ, ತಿದ್ದಲಿಕ್ಕೂ ಸುಲಭ, ಆದರೆ ಮೆತ್ತಗಿನ ಬಣ್ಣ. ಪೆಟ್ರೋಲ್ ಒಂದು ಹನಿ ಚೆಲ್ಲಿದರೆ ಕಲೆ, ಎರಡು ಬೇಸಿಗೆಗೆ ಸುಣ್ಣ ಬಳಿದಂತಾಗುತ್ತದೆ. ಕ್ಲಿಯರ್ ಹೊಡೆಸಿದರೆ ಹೊಳಪಿಗೆ ಎರಡಿಲ್ಲ. ಆದರೆ ಒಂದು ಗೀರು ಆಳಕ್ಕೆ ಹೋದರೆ ಆ ಇಡೀ ಬಾಗಿಲು ಮತ್ತೆ ಮಾಡಿಸಬೇಕು. ನಿನ್ನ ಸ್ವಭಾವಕ್ಕೆ ಅದು ವಿಷ. ನೀನು ಅದನ್ನು ರಸ್ತೆಗೆ ಇಳಿಸುವುದೇ ಇಲ್ಲ.

ಹಾರ್ಡ್‌ನರ್ ಕಲಸಿದ ಒಂದೇ ಪದರದ ಬಣ್ಣ ಹೊಡೆಸು. ಬಿಸಿಲು, ಮಳೆ, ಲಾರಿ ಹಾರಿಸುವ ಕಲ್ಲು, ಎಲ್ಲಕ್ಕೂ ತಡೆಯುತ್ತದೆ. ಸಣ್ಣ ಗೀರಾದರೆ ಬ್ರಷ್‌ನಿಂದ ಒಂದಿಷ್ಟು ಬಣ್ಣ ಮುಟ್ಟಿಸಿ, ಒಣಗಿದ ಮೇಲೆ ತಿಕ್ಕಿದರೆ ಆಯಿತು. ಓಡುವ ಗಾಡಿಗೆ ಅದೇ ಬಣ್ಣ. ಹೊಡೆಯುವವನು ಗಾಳಿಯ ಪೈಪಿನ ಮಾಸ್ಕ್ ಹಾಕಿಕೊಳ್ಳಬೇಕು, ಕರವಸ್ತ್ರ ಕಟ್ಟಿಕೊಂಡರೆ ಆಗದು. ಆ ಹೊಗೆ ಏನು ಮಾಡುತ್ತದೆ ಎಂದು ನನ್ನ ಎದೆಯನ್ನು ಕೇಳು.

ಈರಣ್ಣ

ಕಾಕಾ,

ಇಲ್ಲಿಂದ ಮುಂದೆ ಬರೆಯುತ್ತಿರುವವಳು ರೇಣು. ಹಿಂದೆ ಬರೆದವಳೂ ನಾನೇ. ಅಪ್ಪನ ಕೈ ನಾಲ್ಕು ವರ್ಷದಿಂದ ನಡುಗುತ್ತದೆ, ಪೆನ್ನು ನಿಲ್ಲುವುದಿಲ್ಲ. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ನಿಮ್ಮ ಕಾಗದಗಳನ್ನು ಅವರ ಕಿವಿಯ ಹತ್ತಿರ ಕೂತು ಗಟ್ಟಿಯಾಗಿ ಓದಿ ಹೇಳುವವಳೂ ನಾನೇ. ಫೋನ್ ಕಟ್ ಮಾಡಿದವಳೂ ನಾನೇ.

"ರೇಣುವಿಗೆ ಹೇಳಬೇಡ" ಎಂಬ ಸಾಲನ್ನೂ ಗಟ್ಟಿಯಾಗಿಯೇ ಓದಿದೆ. ಅಪ್ಪ ಗೋಡೆ ನೋಡಿದರು.

ನನಗೆ ನೆನಪಿದೆ. ಆಗ ನಾನು ಚಿಕ್ಕವಳಲ್ಲ, ಇಪ್ಪತ್ನಾಲ್ಕು ವರ್ಷದವಳು. ಇಳಿಯುವಾಗ ಸೆರಗು ಬಾಗಿಲಿನ ಹಿಡಿಕೆಗೆ ಸಿಕ್ಕಿತು, ನೀವು ಅದನ್ನು ಬಿಡಿಸಿದಿರಿ, ಬಣ್ಣಕ್ಕೆ ಜರಿ ತಾಗಬಾರದೆಂದು ಬಹಳ ಜೋಪಾನವಾಗಿ ಬಿಡಿಸಿದಿರಿ. ಟೆಂಪೋದಲ್ಲಿ ಒಂದು ಹಂಡೆಯಲ್ಲಿ ಸಾರು ಉಳಿದಿತ್ತು, ಸೀರೆಗೆ ಚೆಲ್ಲಿತು. ಸಾರಿನ ವಾಸನೆಯ ಸೀರೆಯಲ್ಲೇ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಒದ್ದು ಒಳಗೆ ಹೋದೆ. ನಮ್ಮ ಅತ್ತೆ ಹನ್ನೆರಡು ವರ್ಷ ನನ್ನನ್ನು "ಟೆಂಪೋದಾಗ ಬಂದಾಕಿ" ಎಂದೇ ಕರೆದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ಕೊನೆಗೆ ನಾನೇ ಅವರಿಗೆ ಗಂಜಿ ಕುಡಿಸಿದೆ. ಅದು ಬೇರೆ ಮಾತು.

ನಿಮ್ಮ ಬಣ್ಣವನ್ನು ಕಲಸಿದವಳೂ ನಾನೇ. ನಿಪ್ಪಾಣಿಯಲ್ಲಿ ನನ್ನದೇ ಬಣ್ಣದ ಅಂಗಡಿ ಇದೆ. ಅಪ್ಪನ ಕೈ ಹೋದ ಮೇಲೆ ಅವರ ಕಣ್ಣು ನನಗೆ ಬಂತು. ಆರು ದಿನ ಹಿಡಿಯಿತು. ಬಣ್ಣ ಚೆನ್ನಾಗಿದೆ, ಅದರ ಮೇಲೆ ನನಗೆ ಸಿಟ್ಟಿಲ್ಲ.

ನೀವು ಕೇಳಿದ ಬಣ್ಣದ ಪ್ರಶ್ನೆಗೆ ಉತ್ತರ ಮೇಲಿದೆ. ಇನ್ನೊಂದನ್ನು ನೀವು ಅಪ್ಪನ ಹತ್ತಿರ ಕೇಳಿದ್ದೀರಿ. ಅದನ್ನು ಕೊಡಬೇಕಾದವರು ಅಪ್ಪ ಅಲ್ಲ.

ರೇಣು


ಪುಣೆ
17 ಅಕ್ಟೋಬರ್ 2024

ಚಿ. ಸೌ. ರೇಣುವಿಗೆ,

ಆಶೀರ್ವಾದ ಎಂದು ಬರೆಯಲು ಕೈ ಬರುತ್ತಿಲ್ಲ. ಅದನ್ನು ಕೊಡುವ ಯೋಗ್ಯತೆ ಇದೆಯೋ ಇಲ್ಲವೋ ನೀನೇ ಹೇಳಬೇಕು.

ಆಗಸ್ಟಿನಿಂದ ನಾಲ್ಕು ಕಾಗದ ಬರೆದು ಹರಿದೆ. ನಾಲ್ಕರಲ್ಲೂ ನನ್ನ ವಕೀಲ ನಾನೇ ಆಗಿದ್ದೆ. ಬಣ್ಣ ಹಸಿಯಿತ್ತು, ಬೀಗರದ್ದೂ ತಪ್ಪಿತ್ತು, ಬಿಸಿಲಿತ್ತು, ಹಸಿದಿದ್ದೆ, ಹೀಗೆ. ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಬೆಕ್ಕು ನಾನು. ನೀನು ಓದುತ್ತಿದ್ದಿ, ನಾನು "ರೇಣುವಿಗೆ ಹೇಳಬೇಡ" ಎಂದು ಬರೆಯುತ್ತಿದ್ದೆ.

ಐದನೆಯ ಕಾಗದ ಹರಿಯದೆ ಕಳಿಸುವಂಥದ್ದು ಏನಾಯಿತು ಎಂದು ಹೇಳುತ್ತೇನೆ.

ನಿಮ್ಮಪ್ಪ ಹೇಳಿದಂತೆ ಒಂದೇ ಪದರದ ಬಣ್ಣ ಹೊಡೆಸಿದೆ. ಅನಂತ ಚತುರ್ದಶಿ ಮುಗಿದು ಮಳೆ ಹೊಳವಾದ ಮೇಲೆಯೇ ಹೊಡೆಸಿದೆ. ನಿನ್ನ ಕಾರ್ಡನ್ನು ಮೂರೂ ಬೆಳಕಿನಲ್ಲಿ ನೋಡಿದ ಅಭಿಲಾಷ "ಹೇ ಕುಣೀ ಕೇಲಂ?" ಎಂದು ಎರಡು ಸಲ ಕೇಳಿದ, ಇದನ್ನು ಮಾಡಿದವರು ಯಾರು ಎಂದು. ನನ್ನ ಗೆಳೆಯನ ಮಗಳು ಅಂದೆ. ಹಾಗೆ ಹೇಳಿದ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಗಾಡಿ ಮನೆಗೆ ಬಂತು. ಖಂಡೇನವಮಿಯ ದಿನ ಬೆಳಿಗ್ಗೆ ಗೌರಾ ತಾನಾಗಿಯೇ ತಟ್ಟೆ ಹಿಡಿದು ಅಂಗಳಕ್ಕೆ ಇಳಿದಳು. ಹದಿನೆಂಟು ವರ್ಷದಲ್ಲಿ ಆ ಗಾಡಿಯ ಹತ್ತಿರ ಸುಳಿಯದವಳು. ಈಳಿಗೆ, ಸುತ್ತಿಗೆ, ಮಿಕ್ಸರ್ ಎಲ್ಲಕ್ಕೂ ಪೂಜೆ ಮಾಡಿ, ಬಾನೆಟ್ಟಿನ ಮೇಲೆ ಅರಿಶಿನ ಕಲಸಿ ಅಂಗೈ ಅಗಲದ ಸ್ವಸ್ತಿಕ ಬರೆದಳು, ನಡುವೆ ಕುಂಕುಮ ಇಟ್ಟಳು. ನನಗೆ ಎದೆ ತುಂಬಿ ಬಂತು. ಪೂಜೆ ಆದ ಕೂಡಲೇ ಧೂಳು ಬೀಳಬಾರದೆಂದು ನಾನು ಪ್ಲಾಸ್ಟಿಕ್ ಹೊದಿಕೆ ಬಿಗಿಯಾಗಿ ಎಳೆದು ಕಟ್ಟಿದೆ. ದಸರೆಗೆ ಬನ್ನಿ ಹಂಚಿಕೊಂಡು ಬಂದು, ಮೂರನೆಯ ದಿನ ಹೊದಿಕೆ ತೆಗೆದು ಒರೆಸಿದರೆ ಸ್ವಸ್ತಿಕ ಹೋಗಲೊಲ್ಲದು. ಹಳದಿ ಬಣ್ಣಕ್ಕೇ ಇಳಿದಿದೆ, ನಡುವೆ ಕೆಂಪು ಚುಕ್ಕೆ.

ನಾನು ಕೂಗಿದೆ. "ಏನ ಮಾಡಿಟ್ಟಿ ಇದು! ನಿನಗ ಯಾರು ಹೇಳಿದ್ರು ಗಾಡಿ ಮುಟ್ಟಂತ? ಸರಿ ಆಕಡೆ, ಈ ಗಾಡಿ—"

ಅಷ್ಟೇ. ಅಲ್ಲಿಗೆ ನನ್ನ ದನಿ ನನಗೇ ಕೇಳಿಸಿತು. ಅದೇ ದನಿ, ಅದೇ ಮಾತು. ಗೌರಾ ಪಕ್ಕದಲ್ಲೇ ನಿಂತಿದ್ದಳು. "ಹೇಳಿ ಮುಗಸ್ರಿ. ಇಳಿ ಕೆಳಗ ಅನ್ನೂದೊಂದು ಉಳದದ" ಅಂದಳು. ನಾನು ಅಂಗಳದ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ರೇಣು, ನೀನು ನನ್ನ ಗಾಡಿಯಲ್ಲಿ ಕೂತಿದ್ದಿ. ನಿನ್ನ ಮದುವೆಯ ದಿನ. ನಾನು ನಿನ್ನನ್ನು ಇಳಿಸಿದೆ. ಅಂಗೈ ಅಗಲದ ಬಣ್ಣಕ್ಕಾಗಿ ಇಳಿಸಿದೆ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗಣಪತಿ ತೋರಿಸಿದವನು ನಾನು, ಅದೇ ನಾನು ನಿನ್ನ ಸೆರಗನ್ನು ಬಣ್ಣ ಕೆಡಬಾರದೆಂದು ಬಿಡಿಸಿದೆ. ಅದು ತಪ್ಪು. ಹಸಿದಿದ್ದರೂ ತಪ್ಪು, ಬಿಸಿಲಿದ್ದರೂ ತಪ್ಪು. ನಿನ್ನ ಹತ್ತಿರ ಕ್ಷಮೆ ಕೇಳುತ್ತಿದ್ದೇನೆ. ಕೊಡಲೇಬೇಕೆಂದಿಲ್ಲ. ಕೇಳಬೇಕಾದವಳನ್ನು ಕೇಳಿದೆ ಎಂಬಷ್ಟು ನನಗಿರಲಿ.

ಇದೇ ಕಾಗದದಲ್ಲಿ ಇನ್ನೊಂದು ಮಾತು ಕೇಳುವುದು ನಾಚಿಕೆಗೇಡು ಎಂದು ಗೊತ್ತು. ಆದರೂ ಕೇಳುತ್ತೇನೆ, ಯಾಕೆಂದರೆ ಗೌರಾ ತನ್ನ ಪೂಜೆಯಿಂದ ಹೀಗಾಯಿತೆಂದು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಅರಿಶಿನದ ಕಲೆ ಹೋಗುತ್ತದೆಯೇ?

ದಿಗಂಬರ


ನಿಪ್ಪಾಣಿ
26 ಅಕ್ಟೋಬರ್ 2024

ಕಾಕಾ,

ಮೊದಲು ಗೌರಾ ಕಾಕೂಗೆ ಊಟ ಮಾಡಲು ಹೇಳಿ. ತಪ್ಪು ಅವರದಲ್ಲ, ನಿಮ್ಮದು. ಹೊಸ ಬಣ್ಣ ಒಂದು ತಿಂಗಳು ಗಾಳಿಯಾಡಬೇಕು. ಪೂಜೆ ಆದ ಮೇಲೆ ಒರೆಸಿ ಬಿಸಿಲಿಗೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ನೀವು ಹಸಿ ಅರಿಶಿನದ ಮೇಲೆ ಪ್ಲಾಸ್ಟಿಕ್ ಕಟ್ಟಿ ಮೂರು ದಿನ ಬೇಯಿಸಿದಿರಿ. ಇದನ್ನು ಅಪ್ಪನಿಗೆ ಓದಿ ಹೇಳಿದಾಗ ಅವರು ಕೆಮ್ಮು ಬರುವವರೆಗೆ ನಕ್ಕರು. ಅವರು ಹಾಗೆ ನಕ್ಕು ಬಹಳ ದಿನವಾಗಿತ್ತು.

ಅರಿಶಿನ ಬಿಸಿಲಿಗೆ ತಾನೇ ಹೋಗುತ್ತದೆ. ಸೀರೆಯ ಮೇಲಿನದು ಹೋಗುವುದಿಲ್ಲವೇ, ಹಾಗೆಯೇ. ಹೊದಿಕೆ ತೆಗೆದು ಮಡಚಿ ಅಟ್ಟದ ಮೇಲೆ ಹಾಕಿ. ಗಾಡಿಯನ್ನು ದಿನಾ ಬಿಸಿಲಿಗೆ ಹೊರಗೆ ತೆಗೆಯಿರಿ. ಕುಂಕುಮದ ಚುಕ್ಕೆ ಸುಲಭಕ್ಕೆ ಹೋಗುವುದಿಲ್ಲ. ಅದನ್ನು ಪಾಲಿಶ್ ಹಚ್ಚಿ ಕೈಯಿಂದ ತಿಕ್ಕಬೇಕು, ಬಹಳ ತಿಕ್ಕಿದರೆ ಬಣ್ಣ ತೆಳುವಾಗುತ್ತದೆ. ಅಭಿಲಾಷ ಅವರು ಮಾಡಬಲ್ಲರು. ನಾನಂತೂ ನೋಡದೆ ಹೇಳಲಾರೆ.

ಕಾಗದದ ಉಳಿದ ಭಾಗವನ್ನು ಅಪ್ಪನಿಗೆ ಓದಲಿಲ್ಲ. ಅದು ನನಗೆ ಬಂದದ್ದು. ಎರಡು ಸಲ ಓದಿದೆ. ಅಂಗಡಿಯಲ್ಲಿ ಕೂತು ಓದಿದೆ, ಗಿರಾಕಿ ಬಂದು ಬಿಳಿ ಡಿಸ್ಟೆಂಪರ್ ಕೇಳಿದರೆ ಕಪ್ಪು ಕೊಟ್ಟು ಕಳಿಸಿದೆ. ಏನು ಬರೆಯಬೇಕೆಂದು ನನಗೆ ತಿಳಿಯುತ್ತಿಲ್ಲ, ಕಾಕಾ. ಇಷ್ಟು ವರ್ಷದ ಸಿಟ್ಟು ಒಂದು ಕಾಗದಕ್ಕೆ ಹೋಗುತ್ತದೆ ಎಂದು ಸುಳ್ಳು ಬರೆಯಲಾರೆ. ಹೋಗಿಲ್ಲ ಎಂದು ಬರೆದರೆ ಅದೂ ಪೂರ್ತಿ ನಿಜವಲ್ಲ.

ಅಪ್ಪ ನಿಮ್ಮನ್ನು ನೋಡಬೇಕು ಎನ್ನುತ್ತಿದ್ದಾರೆ. ಅವರ ಎದೆ ಚಳಿಗೆ ಹೆಚ್ಚಾಗುತ್ತದೆ, ಆದ್ದರಿಂದ ದೀಪಾವಳಿ ಆದ ಮೇಲೆ ತಡಮಾಡದೆ ಬನ್ನಿ. ಗಾಡಿಯಲ್ಲೇ ಬನ್ನಿ, ಹಗಲಿನಲ್ಲಿ. ನಾನು ಅದರಲ್ಲಿ ಕೂಡುವುದಿಲ್ಲ, ಕೂಡು ಎಂದು ಯಾರೂ ಹೇಳಬಾರದು. ಅಡುಗೆ ಮಾಡುತ್ತೇನೆ.

ರೇಣು


ನಿಪ್ಪಾಣಿ
19 ಡಿಸೆಂಬರ್ 2024

ಕಾಕಾ,

ನೀವು ಬಂದುಹೋಗಿ ಇಪ್ಪತ್ತೈದು ದಿನವಾಯಿತು. ಅಂದಿನಿಂದ ಈ ಕಾಗದ ಬರೆಯುತ್ತಿದ್ದೇನೆ. ನಾಲ್ಕು ಹರಿದಿದ್ದೇನೆ, ನಿಮ್ಮ ಲೆಕ್ಕಕ್ಕೆ ಸಮನಾಯಿತು.

ಅಪ್ಪ ಚೆನ್ನಾಗಿದ್ದಾರೆ. ನೀವು ಅವರ ನಡುಗುವ ಕೈಯನ್ನು ಹಿಡಿದು ಬಾನೆಟ್ಟಿನ ಮೇಲೆ ಆಡಿಸಿದಿರಲ್ಲ, ಅದನ್ನು ಓಣಿಯವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾರೆ. "ನಮ್ಮ ರೇಣು ಕಲಸಿದ ಬಣ್ಣ, ನೋಡಬೇಕ್ರಿ ನೀವು" ಎನ್ನುತ್ತಾರೆ. ಅರಿಶಿನ ಹೋಗಿತ್ತು, ಕುಂಕುಮದ ಚುಕ್ಕೆಯನ್ನು ನಾನು ತಿಕ್ಕಿ ತೆಗೆದೆ. ಆಗಲೂ ನಿಮ್ಮ ಜೊತೆ ನಾನು ಸರಿಯಾಗಿ ಮಾತಾಡಲಿಲ್ಲ. ಹೋಳಿಗೆ ಬಡಿಸಿದೆ, ತುಪ್ಪ ಬಡಿಸಿದೆ, ಅಷ್ಟೇ. ನೀವು ಹೊರಡುವಾಗ ನನ್ನ ಮುಖ ನೋಡಿದಿರಿ, ನಾನು ತುಳಸಿ ಕಟ್ಟೆ ನೋಡಿದೆ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಊಟ ಮಾಡಿ ನೀವೂ ಅಪ್ಪನೂ ಒಳಗೆ ಮಲಗಿದ್ದಿರಿ, ಇಬ್ಬರ ಗೊರಕೆಯೂ ಅಂಗಳಕ್ಕೆ ಕೇಳಿಸುತ್ತಿತ್ತು. ಕಾಕೂ ಗೂಟಕ್ಕೆ ತೂಗುಹಾಕಿದ್ದ ನಿಮ್ಮ ಅಂಗಿಯ ಕಿಸೆಯಿಂದ ಚಾವಿ ತೆಗೆದುಕೊಂಡು ಬಂದು ನನ್ನ ಮುಂದೆ ಹಿಡಿದರು. "ನೀ ಕೂಡಂಗಿಲ್ಲ ಅಂದಿ, ಗೊತ್ತದ. ಕೂಡಬ್ಯಾಡ. ನಡಸು" ಅಂದರು. ನಾನು ಅಂಗಡಿಯ ವ್ಯಾನ್ ನಡೆಸುತ್ತೇನೆ, ಅದು ಅವರಿಗೆ ಗೊತ್ತಿತ್ತು. ಬೇಡ ಎನ್ನಬೇಕಿತ್ತು. ಚಾವಿ ತೆಗೆದುಕೊಂಡೆ.

ಸ್ಟೀರಿಂಗ್ ಬುಡದ ಆ ಗೇರು ಒಲಿಯಲು ಎರಡು ಓಣಿ ಹಿಡಿಯಿತು. ಆಮೇಲೆ ತಂಬಾಕಿನ ಗೋದಾಮುಗಳ ಹಿಂದಿನ ರಸ್ತೆಗೆ ಹೋದೆವು. ಬಿಸಿಲಿತ್ತು, ಕಿಟಕಿ ತೆಗೆದಿದ್ದೆವು. ನೀವು ನನ್ನ ಕ್ಷಮೆ ಕೇಳಿದ ಮೇಲೆಯೇ ಈ ಗಾಡಿ ಹತ್ತಿ ನಿಪ್ಪಾಣಿಗೆ ಬಂದಿದ್ದ ಕಾಕೂ ಪಕ್ಕದಲ್ಲಿ ಕಾಲು ಚಾಚಿ ಕೂತು, "ಹದಿನೆಂಟು ವರ್ಷ ಎಷ್ಟು ಹುಚ್ಚ ಹಟ ಮಾಡಿದ್ನೆವಾ" ಎಂದು ನಕ್ಕರು, ಆಮೇಲೆ ಅತ್ತರು. ನಾನೂ ಅತ್ತೆ. ಯಾಕೆ ಎಂದು ಕೇಳಬೇಡಿ. ಚೆನ್ನಾಗಿತ್ತು, ಕಾಕಾ. ಬಹಳ ಚೆನ್ನಾಗಿತ್ತು.

ತಿರುಗಿ ಬಂದು ಅಂಗಳಕ್ಕೆ ಹಿಂದೆ ತೆಗೆದುಕೊಳ್ಳುವಾಗ ಗೇಟಿನ ಚಿಲಕಕ್ಕೆ ತಾಗಿತು. ಎಡಗಡೆ ಹಿಂದಿನ ಚಕ್ರದ ಮೇಲೆ, ಗೇಣುದ್ದ ಗೀರು. ಅಡಿಯ ಪ್ರೈಮರ್ ಕಾಣುವಷ್ಟು. ನನಗೆ ನಲವತ್ತೆರಡು ವರ್ಷ, ಅಂಗಡಿ ನಡೆಸುತ್ತೇನೆ, ಮಗ ಕಾಲೇಜಿಗೆ ಹೋಗುತ್ತಾನೆ. ಆದರೂ ಆ ಹೊತ್ತು ನಾನು ರೇಷ್ಮೆ ಸೀರೆ ಉಟ್ಟು ನಿಂತ ಹುಡುಗಿಯೇ ಆದೆ. ನೀವು ಒಳಗಿನಿಂದ ಎದ್ದು ಬರುವ ಸದ್ದಾಯಿತು. ಕಾಕೂ ಆ ಬದಿಗೆ ಹೋಗಿ ಸೆರಗು ಹರವಿಕೊಂಡು ನಿಂತರು. ಮುಸ್ಸಂಜೆಯಾಗುತ್ತಿತ್ತು, ನೀವು ಬೇಗ ಹೊರಟಿರಿ. ನಾನು ಹೇಳದೆ ಉಳಿದೆ. ಹೆದರಿಕೆ.

ಈಗ ಹೇಳುತ್ತಿದ್ದೇನೆ. ಗೀರು ಬಿದ್ದದ್ದು ನನ್ನ ಕೈಯಿಂದ. ಕಾಕೂ ಮೇಲೆ ಕೂಗಬೇಡಿ. ಒಂದು ಸಣ್ಣ ಡಬ್ಬಿ ಬಣ್ಣ ಕಲಸಿ ಇಟ್ಟಿದ್ದೇನೆ, ಹಾರ್ಡ್‌ನರ್ ಬೇರೆ ಸೀಸೆಯಲ್ಲಿದೆ. ಕೊರಿಯರ್ ಮಾಡಲೋ, ಬೇರೆ ಏನು ಮಾಡಲಿ, ತಿಳಿಸಿ.

ರೇಣು


ಪುಣೆ
27 ಡಿಸೆಂಬರ್ 2024

ಪ್ರಿಯ ರೇಣು,

ಡಬ್ಬಿ ಕೊರಿಯರ್ ಮಾಡಬೇಡ. ಇಲ್ಲಿಗೆ ಬರುವುದಿದ್ದರೆ ಜೊತೆಗೆ ತಾ, ಬರುವುದು ತಡವಾದರೆ ತಡವಾಗಲಿ. ಬಣ್ಣ ಹೋದ ಜಾಗಕ್ಕೆ ತುಕ್ಕು ಹಿಡಿಯದಂತೆ ಒಂದಿಷ್ಟು ಮೇಣ ಹಚ್ಚಿದ್ದೇನೆ. ಜನವರಿಯ ಮೆರವಣಿಗೆಗೆ ಹೆಸರು ಕೊಟ್ಟಿಲ್ಲ. ಆ ದಿನ ಗೌರಾ ಆಳಂದಿಯ ದೇವಸ್ಥಾನಕ್ಕೆ ಹೋಗಬೇಕು ಅಂದಿದ್ದಾಳೆ, ಓಣಿಯ ಇಬ್ಬರು ಮುದುಕಿಯರನ್ನೂ ಕರೆದಿದ್ದಾಳೆ. ಹಿಂದಿನ ಸೀಟಿನಲ್ಲಿ ಚುರುಮುರಿ ಚೆಲ್ಲುವುದು ಖಂಡಿತ.

ನೀನು ಇಪ್ಪತ್ತೈದು ದಿನ ಹೆದರಿದೆ ಎಂದು ಓದಿ ನನಗೆ ಬಹಳ ದುಃಖವಾಯಿತು. ಆ ಹೆದರಿಕೆಯನ್ನು ಕೊಟ್ಟವನು ನಾನೇ ಅಲ್ಲವೇ. ಇಷ್ಟು ದಿನ ಇದನ್ನು ನಿನಗೆ ಬರೆಯದೆ ಇದ್ದದ್ದು ನನ್ನ ಇನ್ನೊಂದು ತಪ್ಪು. ಅದು ನೀವಿಬ್ಬರೂ ಇಟ್ಟುಕೊಂಡ ಗುಟ್ಟು, ನಾನು ಕೈ ಹಾಕಬಾರದು ಎಂದು ಸುಮ್ಮನಿದ್ದೆ.

ಆ ಗೀರನ್ನು ನಾನು ಅಂದೇ ನೋಡಿದೆ. ಕಾಗಲ್ ದಾಟಿ ಪೆಟ್ರೋಲ್ ಹಾಕಿಸಲು ನಿಂತಾಗ ಗಾಜು ಒರೆಸಿ, ಅದೇ ಅರಿವೆಯಿಂದ ಹಿಂದಿನವರೆಗೆ ಒರೆಸುತ್ತಾ ಬಂದೆ. ಕೈ ಅಲ್ಲಿಗೆ ಬಂದು ನಿಂತಿತು. ಪಂಪಿನ ದೀಪದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಗೇಟಿನ ಹಸಿರು ಬಣ್ಣ ಅದರಲ್ಲಿ ಹತ್ತಿತ್ತು, ನಿಮ್ಮ ಮನೆಯ ಗೇಟೇ ಎಂದು ತಿಳಿಯಿತು. ಚಾವಿ ಅಂಗಿಯ ಎಡಗಿಸೆಯ ಬದಲು ಬಲಗಿಸೆಗೆ ಹೇಗೆ ಬಂತು ಎಂದೂ ತಿಳಿಯಿತು.

ತಲೆ ಎತ್ತಿದೆ. ಗೌರಾ ಸೀಟಿನಲ್ಲಿ ಕೂತಿದ್ದವಳು ಕುತ್ತಿಗೆ ಹೊರಳಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದು ಕೈ ಬಾಗಿಲಿನ ಹಿಡಿಕೆಯ ಮೇಲಿತ್ತು. ನಾನು ಹೇಳಿದರೆ ಇಳಿಯಲಿಕ್ಕೆ ತಯಾರಾಗಿದ್ದಳು, ರೇಣು. ಎಪ್ಪತ್ತರ ಹತ್ತಿರದ ನನ್ನ ಹೆಂಡತಿ, ಕತ್ತಲಾದ ಹೈವೇಯಲ್ಲಿ.

ಅರಿವೆ ಮಡಚಿ ಕಿಸೆಯಲ್ಲಿ ಇಟ್ಟುಕೊಂಡೆ. ಅವಳ ಕಿಟಕಿಯ ಹತ್ತಿರ ಬಗ್ಗಿ ಕೇಳಿದೆ: "ಗೌರಾ, ಕೂತಲ್ಲೇ ಚಹಾ ತರಲೇನು?"

ನಿನ್ನ
ದಿಗಂಬರ ಕಾಕಾ